ಲಿಂದಾಲ್ವಾ ಅತ್ತೆ ಕೂಡಿಟ್ಟ ತೊಗಲು

ಹೊಸ ಫೋಟೋವನ್ನು ಹಳೆಯದು ಮಾಡುವುದು ನಮ್ಮ ಅತ್ತೆಯ ಕೆಲಸ. ಹಾಗಂದರೆ ನಮ್ಮೂರು ಜುವಾಜೇರಿನವರೇ ನಗುತ್ತಾರೆ. ಯಾಕೆಂದರೆ ಇದೇ ಕೈ ಮೊದಲು ಇದಕ್ಕೆ ತದ್ವಿರುದ್ಧವಾದ ಕೆಲಸ ಮಾಡಿಕೊಂಡಿತ್ತು. ಹರಿದ ಮೂಲೆ, ಗೆದ್ದಲು ತಿಂದ ಕಿವಿ, ಮಾಸಿಹೋದ ಕಣ್ಣು, ಎಲ್ಲವನ್ನೂ ತಿದ್ದಿ ಬಣ್ಣ ಹಚ್ಚಿ ಗೋಡೆಗೆ ಹಾಕುವ ಹಾಗೆ ಮಾಡಿಕೊಡುತ್ತಿತ್ತು. ಬದುಕಿದ್ದಷ್ಟು ದಿನ ಚಪ್ಪಲಿ ಕಾಣದ ಕೂಲಿಯವನಿಗೆ ಕೋಟು ತೊಡಿಸಿದ್ದು, ಬೇರೆ ಬೇರೆ ವರ್ಷ ತೀರಿಕೊಂಡ ಗಂಡ ಹೆಂಡತಿಯನ್ನು ಒಂದೇ ಚೌಕಟ್ಟಿನಲ್ಲಿ ಪಕ್ಕಪಕ್ಕ ಕೂರಿಸಿದ್ದು, ಇವೆಲ್ಲ ಅತ್ತೆಗೆ ನೀರು ಕುಡಿದಷ್ಟು ಸಲೀಸು.

ಅತ್ತೆಯ ಹೆಸರು ಲಿಂದಾಲ್ವಾ. ಹುಡುಗಿಯಾಗಿದ್ದಾಗಲೇ ಇಲ್ಲಿಯ ಭಾವಚಿತ್ರದ ಕಾರ್ಖಾನೆಗೆ ಸೇರಿದವರು. ಆಗ ಊರೂರು ತಿರುಗುವ ಏಜೆಂಟರು ಹಳ್ಳಿಗಳಿಂದ ಚೀಲದ ತುಂಬ ಹಳೆ ಫೋಟೋ ತರುತ್ತಿದ್ದರಂತೆ. ಸಾಲಾಗಿ ಕೂತ ಹುಡುಗಿಯರಲ್ಲಿ ಒಬ್ಬಳು ಬಟ್ಟೆ ಬರೆಯುವವಳು, ಒಬ್ಬಳು ಕೂದಲು ಬರೆಯುವವಳು. ನಮ್ಮ ಅತ್ತೆ ಮುಖ ಬರೆಯುವವರು. ಕಾರ್ಖಾನೆ ಮುಚ್ಚಿ, ಬಣ್ಣದ ಬಟ್ಟಲು ಒಣಗಿ, ಮಗ ಒಂದು ಕಂಪ್ಯೂಟರ್ ತಂದು ಮುಂದಿಟ್ಟಾಗ ಅತ್ತೆ ಒಂದು ವಾರ ಅತ್ತರಂತೆ. "ಒದ್ದೆ ಸೋಪು ಹಿಡ್ಕೊಂಡು ಚಿತ್ರ ಬರಿ ಅಂದ ಹಾಗಿತ್ತು ಕಣೆ," ಅನ್ನುತ್ತಾರೆ ಮೌಸನ್ನು ತೋರಿಸಿ. ಆಮೇಲೆ ಕಲಿತರು. ಕಲಿತರು ಅಂದರೆ, ನಾನು ರೆಸೀಫಿ ಪಟ್ಟಣದ ಕಾಲೇಜಿನಲ್ಲಿ ಓದಿ ಬಂದವಳು ಸ್ಕ್ರೀನಿನ ಮೂಲೆಯಲ್ಲಿ ಬೇಕಾದ ಗುರುತು ಹುಡುಕುತ್ತಿರುವಾಗ ಅವರು ಕೆಲಸ ಮುಗಿಸಿ ಕಾಫಿಗೆ ನೀರಿಟ್ಟಿರುತ್ತಾರೆ. ಆದರೆ ಫೈಲುಗಳನ್ನು ಜೋಡಿಸಿಡುವುದು ಮಾತ್ರ ಇವತ್ತಿಗೂ ಬರುವುದಿಲ್ಲ. ಒಂದರ ಮೇಲೆ ಇನ್ನೊಂದನ್ನು ಬರೆದು ಮೊದಲಿನದನ್ನು ಕಳೆದುಬಿಡುತ್ತಾರೆ.

ಅಂಗಡಿ ಅಂದರೆ ನಮ್ಮ ಮನೆಯ ಮುಂದಿನ ಕೋಣೆ. ಅಲ್ಲೇ ನನ್ನ ಮಗ ಬೆಂತೊ ಅಂಬೆಗಾಲಿಡುವುದು, ಅಲ್ಲೇ ನನ್ನ ಜೀವ ಕೈಯಲ್ಲಿ ಹಿಡಿದುಕೊಂಡು ನಾನು ಕೂರುವುದು. ಹಳೆ ಫೋಟೋ ಬಂದರೆ ಅದರ ಜೊತೆ ಬೂಷ್ಟು ಬರುತ್ತದೆ, ಜಿರಳೆ ಮೊಟ್ಟೆ ಬರುತ್ತದೆ, ಯಾರೋ ಕ್ಷಯವಾಗಿ ಸತ್ತವರ ಕೋಣೆಯ ಧೂಳು ಬರುತ್ತದೆ. ಮಗು ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುವ ವಯಸ್ಸು. ನಾನು ಒರೆಸುವ ಬಟ್ಟೆ ಹಿಡಿದುಕೊಂಡು ಹಿಂದೆ ಹಿಂದೆ ಓಡುತ್ತಿರುತ್ತೇನೆ.

"ಅತ್ತೆ, ಆ ಬೂಷ್ಟು ಮಗೂನ ಎದೆಗೆ ಹೋದ್ರೆ?"

"ಹೋದ್ರೆ ಏನಾಗತ್ತೆ? ನಿನ್ನ ಗಂಡ ಇದೇ ಧೂಳಲ್ಲಿ ಬೆಳೆದ. ನೋಡು, ಎತ್ತಿನ ಹಾಗಿದಾನೆ."

"ಬುದ್ಧಿನೂ ಹಾಗೇ ಇದೆಯಲ್ಲ ಅತ್ತೆ, ಅದೇ ಭಯ."

ಅತ್ತೆ ಸ್ಕ್ರೀನಿನಿಂದ ಕಣ್ಣು ತೆಗೆಯದೆ, "ಅದು ಅವರಪ್ಪನ ಕಡೇದು," ಅಂದರು.

ಕೆಲವು ವರ್ಷದಿಂದ ಗಿರಾಕಿಗಳು ಬದಲಾಗಿದ್ದಾರೆ. ಮದುವೆ ಕಾಗದಕ್ಕೆ, ಹಾಡಿನ ತಂಡದ ಪೋಸ್ಟರಿಗೆ, ಕಾಫಿ ಅಂಗಡಿಯ ಗೋಡೆಗೆ, ನಿನ್ನೆ ಮೊಬೈಲಿನಲ್ಲಿ ತೆಗೆದ ಫೋಟೋ ಅಜ್ಜನ ಕಾಲದ್ದಾಗಿ ಕಾಣಬೇಕು. ಗೀರು ಬೇಕು, ಕಲೆ ಬೇಕು, ಅಂಚು ಸವೆದಿರಬೇಕು. ಇಂಟರ್ನೆಟ್ಟಿನಲ್ಲಿ ಸಿದ್ಧ ಗೀರುಗಳು ಬೇಕಾದಷ್ಟು ಸಿಗುತ್ತವೆ, ತಂದು ಮೇಲೆ ಹಾಸಿದರೆ ಆಯಿತು ಅಂತ ನಾನೇ ತೋರಿಸಿದೆ. ಅತ್ತೆ ನೋಡಿ ಮೂಗು ಮುರಿದರು. "ಇದನ್ನ ಯಾರೂ ಗೀರಿಲ್ಲ. ತಾನೇ ಗೀರ್ಕೊಂಡಿದೆ." ನಿಜವಾದ ಗೀರಿಗೆ ಒಂದು ಕಾರಣ ಇರುತ್ತದಂತೆ. ಮೊಳೆ ಜಾರಿರುತ್ತದೆ, ಮಗು ಎಳೆದಿರುತ್ತದೆ, ಸಿಟ್ಟು ಬಂದವಳು ಉಗುರು ಹಾಕಿರುತ್ತಾಳೆ.

ಆಗಲೇ ನನಗೆ ಅವರ ತೊಗಲುಗಳ ವಿಷಯ ಗೊತ್ತಾದದ್ದು. ಅಷ್ಟು ವರ್ಷ ರಿಪೇರಿಗೆ ಬಂದ ಪ್ರತಿ ಫೋಟೋದ ಬೆನ್ನನ್ನೂ ಅತ್ತೆ ಸ್ಕ್ಯಾನ್ ಮಾಡಿಡುತ್ತಿದ್ದರು. ಹಿಂದೆ ಹೆಸರೋ ಊರೋ ಬರೆದಿದ್ದರೆ ಬೇಕಾಗುತ್ತದೆ ಅಂತ. ಬಹಳಷ್ಟರಲ್ಲಿ ಏನೂ ಬರೆದಿರುತ್ತಿರಲಿಲ್ಲ, ಬರೀ ಸವೆತ. ಆ ಸವೆತವನ್ನೇ ಈಗ ತೆಳ್ಳಗಿನ ಪದರದ ಹಾಗೆ ಹೊಸ ಫೋಟೋದ ಮೇಲೆ ಹಾಸುತ್ತಾರೆ. ಕಾಗದದ ಬಿಳುಪು ಮಾಯವಾಗಿ ಕಲೆ, ಮಡಿಕೆ, ಗೀರು ಮಾತ್ರ ಉಳಿಯುವ ಹಾಗೆ ಮಾಡುತ್ತಾರೆ. ಅದಕ್ಕೆ ತೊಗಲು ಅನ್ನುವ ಹೆಸರು ಅವರದೇ. ನಮ್ಮ ಕಡೆ ದನ ಕಾಯುವವರು ತೊಗಲಿನ ಅಂಗಿ ತೊಡುತ್ತಾರಲ್ಲ, ಮನುಷ್ಯ ಸತ್ತು ಎಷ್ಟು ಕಾಲವಾದರೂ ಆ ಅಂಗಿ ಅವನ ಮೊಣಕೈಯನ್ನು ನೆನಪಿಟ್ಟುಕೊಂಡಿರುತ್ತದೆ. ಒಂದೊಂದು ತೊಗಲಿಗೂ ಹೆಸರಿತ್ತು. ದೀಪದ ಹೊಗೆ. ಸೋರಿದ ಮಾಡು. ಅತ್ತೆಮ್ಮನ ಹೆಬ್ಬೆರಳು. ಎಲ್ಲಕ್ಕಿಂತ ಒಳ್ಳೆಯದು ಅಂತ ಅವರು ಜತನ ಮಾಡಿಟ್ಟಿದ್ದು 'ಕಿಸೆ'. ಯಾರೋ ನಾಲ್ಕು ಪದರವಾಗಿ ಮಡಚಿ ಕಿಸೆಯಲ್ಲಿಟ್ಟುಕೊಂಡು ವರ್ಷಗಟ್ಟಲೆ ಓಡಾಡಿದ ಫೋಟೋದ ಬೆನ್ನು. ಯಾರದ್ದು ಅಂತ ಕೇಳಿದರೆ, "ಎಷ್ಟು ಜನರದ್ದು ಬಂತು ಹೋಯ್ತು, ನೆನಪಿರತ್ತಾ?" ಅಂದರು.

ಕ್ರಾತು ರಸ್ತೆಯಲ್ಲಿ 'ಅಜ್ಜಿಮನೆ' ಅಂತ ಊಟದ ಹೋಟೆಲ್ ತೆರೆದ ರಿಸೊಮಾರ್ ಬಂದದ್ದು ಆ ಸಮಯದಲ್ಲೇ. ಗೋಡೆ ತುಂಬ ಹಳೆಕಾಲದ ಮನೆತನದ ಫೋಟೋ ಬೇಕು, ಆದರೆ ಅವನ ಮನೆತನದಲ್ಲಿ ಹಳೆ ಫೋಟೋ ಒಂದೂ ಇಲ್ಲ. ಅದಕ್ಕೆ ಬದುಕಿರುವವರಿಗೇ ವೇಷ ಹಾಕಿಸಿ ಫೋಟೋ ತೆಗೆಸಿದ್ದ. ಮೊದಲನೆಯದು ತೊಗಲಿನ ಟೋಪಿ ಹಾಕಿ ಮೀಸೆ ಅಂಟಿಸಿಕೊಂಡ ಅವನ ಭಾವಮೈದ. ಊರಲ್ಲಿ ವ್ಯಾಯಾಮಶಾಲೆ ನಡೆಸುವವನು, ತೋಳು ನೋಡಿದರೇ ತಿಳಿಯುತ್ತಿತ್ತು.

"ದೋನಾ ಲಿಂದಾಲ್ವಾ, ಇವನು ನೂರು ವರ್ಷದ ಹಿಂದೆ ಸತ್ತ ಹಾಗೆ ಕಾಣಬೇಕು," ದೋನಾ ಅಂತ ಮರ್ಯಾದೆಯಿಂದಲೇ ಕರೆದು ಹೇಳಿದ ರಿಸೊಮಾರ್.

"ಅವನಿಗೆ ಹೇಳಿದೀಯೇನಪ್ಪಾ?"

"ಅವನ ಹೆಂಡ್ತಿ ಒಪ್ಪಿದಾಳೆ."

ಅತ್ತೆ ಬಿದ್ದು ಬಿದ್ದು ನಕ್ಕರು. ಆ ನಗುವಿನ ಖುಷಿಯಲ್ಲೇ ಇರಬೇಕು, ಜತನ ಮಾಡಿಟ್ಟ 'ಕಿಸೆ'ಯನ್ನು ತೆಗೆದು ಆ ಭಾವಮೈದನ ಮೇಲೆ ಹಾಸಿದರು. ತುಂಬ ಚೆನ್ನಾಗಿ ಬಂತು. ಅಂಟಿಸಿದ ಮೀಸೆಗೂ ಒಂದು ಘನತೆ ಬಂದುಬಿಟ್ಟಿತು.

ಹೋಟೆಲ್ ಶುರುವಾಗಿ ಸ್ವಲ್ಪ ದಿನಕ್ಕೆ, ಒಂದು ಬೆಳಿಗ್ಗೆ, ಚರ್ಚಿನ ಹಿಂದಿನ ಬೀದಿಯ ಜೆನೇಜಿಯೊ ಅಜ್ಜ ನಮ್ಮ ಬಾಗಿಲಿಗೆ ಬಂದರು. ಕಂಕುಳಲ್ಲಿ ಟವೆಲಿನಲ್ಲಿ ಸುತ್ತಿದ ದೊಡ್ಡ ಚೌಕಟ್ಟು. ಒಳಗೆ ಬಂದವರೇ ಅದನ್ನು ಗೋಡೆಗೆ ಮುಖ ಮಾಡಿ ಒರಗಿಸಿದರು. ಟೋಪಿಯನ್ನೂ ತೆಗೆಯಲಿಲ್ಲ.

"ಲಿಂದಾಲ್ವಾ, ನನ್ನ ಕಿಸೆ ಆ ಗಂಡಸಿನ ಮೂತಿ ಮೇಲೆ ಯಾಕಿದೆ?"

"ಯಾವ ಕಿಸೆ ಅಣ್ಣಾ? ಕೂತ್ಕೊಳ್ಳಿ ಮೊದಲು."

"ಕೂರಕ್ಕೆ ಬಂದಿಲ್ಲ."

ಅವರು ಹೇಳಿದ್ದು ಇಷ್ಟು. ಮೊಮ್ಮಗಳ ಹುಟ್ಟುಹಬ್ಬಕ್ಕೆ ಎಲ್ಲರೂ ಅಜ್ಜಿಮನೆಗೆ ಊಟಕ್ಕೆ ಹೋಗಿದ್ದರು. ಕೈ ತೊಳೆಯಲು ಎದ್ದು ಹೋಗುವಾಗ ಗೋಡೆಯ ಮೇಲೆ ಕಂಡಿತು. "ಅಡ್ಡ ಒಂದು ಮಡಿಕೆ, ಉದ್ದ ಒಂದು ಮಡಿಕೆ. ಪಕ್ಕದಲ್ಲಿ ಪರ್ಸಿನ ಗುಂಡಿ ಕಚ್ಚಿದ ಗುರುತು, ಅದರ ಕೆಳಗೆ ತುಕ್ಕು. ನನಗೆ ಗೊತ್ತಾಗಲ್ವೇನಮ್ಮಾ? ಸಾವೊ ಪಾಲೊದಲ್ಲಿ ಗಾರೆ ಕೆಲಸ ಮಾಡಿದಷ್ಟು ಕಾಲವೂ ಎದೆ ಮೇಲಿತ್ತು ಅದು. ಅದು ನನ್ನ ಬೆವರು. ಯಾರ ತೊಗಲು ತೆಗೆದು ಯಾರ ಮೇಲೆ ಹಾಕಿದೀಯ ನೀನು?"

ಕಿಸೆ, ತೊಗಲು ಅಂತ ಅತ್ತೆ ಇಟ್ಟ ಹೆಸರು ಯಾವುದೂ ಅಜ್ಜನಿಗೆ ಗೊತ್ತಿರಲಿಲ್ಲ, ಬಾಯಿಗೆ ಬಂದದ್ದು ಅಂದಿದ್ದರು ಅಷ್ಟೆ. ಅತ್ತೆ ಮಾತ್ರ ಮೌಸಿನಿಂದ ಕೈ ತೆಗೆದರು.

ಅವತ್ತು ಹೋಟೆಲಿನಲ್ಲಿ ಅಜ್ಜ ಆ ಫೋಟೋದ ಮೇಲೆ ಕೈಯಿಟ್ಟು ನಿಂತುಬಿಟ್ಟಿದ್ದರಂತೆ. ಬಡಿಸುವವನು ಗದರಿದನಂತೆ. ಅಳಿಯ ಬಂದು, "ಮಾವನಿಗೆ ಬಿಯರು ತಲೆಗೇರಿದೆ," ಅಂತ ಎಲ್ಲರ ಕ್ಷಮೆ ಕೇಳಿ ಕೈ ಹಿಡಿದು ಕರೆದುಕೊಂಡು ಹೋದನಂತೆ. "ನಾನು ಕುಡಿದದ್ದು ಗೇರುಹಣ್ಣಿನ ರಸ," ಅಂದರು ಅಜ್ಜ, ಅದೇ ದೊಡ್ಡ ಅವಮಾನ ಅನ್ನುವ ಹಾಗೆ.

ಅತ್ತೆ ಕಂಪ್ಯೂಟರಿನಲ್ಲಿ 'ಕಿಸೆ'ಯನ್ನು ತೆರೆದರು. ಹಳದಿಗಟ್ಟಿದ ಖಾಲಿ ಕಾಗದ ಸ್ಕ್ರೀನಿನ ತುಂಬ ಬಂತು. ಮೇಲೆ ಶಿಲುಬೆಯ ಹಾಗೆ ಎರಡು ಮಡಿಕೆ, ಅವು ಕೂಡುವಲ್ಲಿ ಸವೆದು ತೂತಾದ ಜಾಗ. ಅಜ್ಜ ಟೋಪಿ ತೆಗೆದರು. ಹೆಬ್ಬೆರಳನ್ನು ಆ ಮಡಿಕೆಯ ಮೇಲೆ ಮೆಲ್ಲಗೆ ಎಳೆದರು. ಸ್ಕ್ರೀನಿಗೆ ಯಾರಾದರೂ ಕೈ ತಾಗಿಸಿದರೆ ಕಿರುಚಾಡುವ ಅತ್ತೆ ತಡೆಯಲಿಲ್ಲ.

"ಇದೇ. ಈಗ ಇದರ ಮುಂಭಾಗ ತೆಗಿ. ಅಮ್ಮನ ಮುಖ."

"ಮುಂಭಾಗ ಇಲ್ಲ ಅಣ್ಣಾ. ತಿದ್ದಿದ್ದು ಮಾತ್ರ ಇದೆ. ಆಗ ಹೊಸದಾಗಿ ಕಲಿತಿದ್ದೆ, ಮೊದಲಿನದರ ಮೇಲೇ ತಿದ್ದಿಬಿಟ್ಟೆ. ಮೂಲ ಫೋಟೋ ನಿಮಗೆ ವಾಪಸ್ ಕೊಟ್ಟಿದ್ನಲ್ಲ?"

"ಅದು ನಮ್ಮಣ್ಣನ ಜೊತೆ ಮಣ್ಣಿಗೆ ಹೋಯ್ತು."

ಸಾಯುವ ಮುಂಚೆ ಅವರ ಅಣ್ಣ ಅಮ್ಮನ ಫೋಟೋ ಕೇಳಿದ್ದರಂತೆ. ಹೊಸದು ಹೇಗೂ ಗೋಡೆಯ ಮೇಲಿದೆ, ಈ ಹರಿದದ್ದು ಅಣ್ಣನಿಗಿರಲಿ ಅಂತ ಜೆನೇಜಿಯೊ ಅಜ್ಜ ಅದನ್ನು ಪೆಟ್ಟಿಗೆಯಲ್ಲಿ ಅವರ ಎದೆಯ ಮೇಲಿಟ್ಟು ಮುಚ್ಚಿಸಿದ್ದರು. ಆ ಕ್ಷಣಕ್ಕೆ ಯಾರೇ ಆದರೂ ಹಾಗೇ ಮಾಡುತ್ತಿದ್ದರು. ಮನೆಗೆ ಬಂದು ಗೋಡೆ ನೋಡಿದ ಮೇಲೆ, ಅಮ್ಮ ಅಣ್ಣನ ಜೊತೆಗೇ ಹೋದಳು ಅಂತ ತಿಳಿಯಿತಂತೆ.

ಅಜ್ಜ ಚೌಕಟ್ಟನ್ನು ತಿರುಗಿಸಿದರು. ನೀಲಿ ಉಡುಪು, ನೀಟಾಗಿ ಬಾಚಿದ ತಲೆ, ತುಟಿಯ ಒಂದು ಕೊನೆ ಸ್ವಲ್ಪವೇ ಮೇಲೆದ್ದ ಮುಗುಳ್ನಗೆ. ನನಗೆ ಗೊತ್ತಿದ್ದ ಚಿತ್ರವೇ. ಅದರದೇ ಒಂದು ಸಣ್ಣ ಪ್ರತಿ ನಮ್ಮ ಅಂಗಡಿಯಲ್ಲಿ ಮಾದರಿಯಾಗಿ ನೇತುಹಾಕಿದೆ. ನಮ್ಮೂರಿಗೆ ಯಾತ್ರೆಗೆ ಬಂದವರು, "ನಮ್ಮವರದ್ದೂ ಹೀಗೇ ಮಾಡಿಕೊಡಿ," ಅಂತ ಅದಕ್ಕೇ ಬೆರಳು ತೋರಿಸುವುದು.

"ಇವಳು ಯಾರು ಲಿಂದಾಲ್ವಾ?"

"ನಿಮ್ಮಮ್ಮ ಎಫಿಜೇನಿಯಾ. ಇನ್ಯಾರು?"

"ಇವಳು ನಗ್ತಾಳೆ. ನಮ್ಮಮ್ಮನೂ ನಗೋಳು, ಆದರೆ ಆ ಫೋಟೋದಲ್ಲಲ್ಲ. ಫೋಟೋದವನು ಬಂದ ದಿನ ಅವಳಿಗೆ ಹಲ್ಲುನೋವು. ಬೇಡ ಬೇಡ ಅಂತಾನೇ ಕೂತಿದ್ಲು. ಬಾಯಿ ಹೇಗಿತ್ತು ಅಂತ ನನಗೂ ಈಗ ನೆನಪಿಲ್ಲ ಕಣಮ್ಮಾ, ಮಡಿಕೆ ತಿಂದುಹಾಕಿತ್ತು. ಆದರೆ ಇದಲ್ಲ. ಪ್ರತಿದಿನ ಎದ್ದು ಇವಳಿಗೆ ಆಶೀರ್ವಾದ ಮಾಡಮ್ಮಾ ಅಂತೀನಿ. ಯಾರೋ ಬೇರೆಯವರ ಮನೆ ಹೆಂಗಸು ನನಗೆ ಆಶೀರ್ವಾದ ಮಾಡ್ತಾಳೆ."

ಅವರ ಮನೆಯನ್ನು ಯೇಸುವಿನ ಹೃದಯಕ್ಕೆ ಒಪ್ಪಿಸುವ ದಿನ ಹತ್ತಿರ ಬಂದಿತ್ತು. ವರ್ಷಕ್ಕೊಮ್ಮೆ ನೆರೆಹೊರೆಯವರೆಲ್ಲ ಬಂದು ಮುಂದಿನ ಕೋಣೆಯಲ್ಲಿ ದೇವರ ಪಟ, ಹಿರಿಯರ ಪಟದ ಎದುರು ನಿಂತು ಹಾಡುವ ದಿನ. ಆ ದಿನ ಇವಳನ್ನು ಗೋಡೆಗೆ ಹಾಕುವುದಿಲ್ಲ, ಹೋಟೆಲಿನಿಂದ ಆ ಮಡಿಕೆ ತೆಗೆಸು, ಅದನ್ನು ಅಮ್ಮನಿಗೆ ವಾಪಸ್ ಹಾಕಿಕೊಡು ಅಂದರು ಅಜ್ಜ.

ಅತ್ತೆಗೆ ಸಿಟ್ಟು ಬಂತು. "ಬಾಯಿ ಇರಲಿಲ್ಲ ಅಂತ ತಾನೇ ನಾನು ಮಾಡಿದ್ದು? ಮೂಗಿನ ಕೆಳಗೆ ತೂತು ಬಿಟ್ಟು ಕೊಡಬೇಕಿತ್ತಾ? ಈ ಕೈಯಲ್ಲಿ ಆದದ್ದರಲ್ಲಿ ಒಳ್ಳೇದು ಅಂದ್ರೆ ನಿಮ್ಮಮ್ಮನ ಮುಖ ಅಣ್ಣಾ. ಹೋಟೆಲಿಂದು ತೆಗೆಸ್ತೀನಿ, ತಪ್ಪಾಯ್ತು. ಆದ್ರೆ ಈ ಮುಖ ಹರಿಯೋದು ನನ್ನ ಕೈಲಾಗಲ್ಲ."

ಅಜ್ಜ ಹೊರಟುಹೋದರು. ಚೌಕಟ್ಟನ್ನು ಅಲ್ಲೇ ಬಿಟ್ಟು ಹೋದರು.

ನಾನು ಮೊದಮೊದಲು ಅತ್ತೆಯ ಪರವಾಗಿಯೇ ಇದ್ದೆ. ಚೆನ್ನಾಗಿರುವುದನ್ನು ಯಾರಾದರೂ ಕೆಡಿಸು ಅನ್ನುತ್ತಾರಾ? ಬೆಂತೊನ ಫೋಟೋ ನನ್ನ ಮೊಬೈಲಿನಲ್ಲಿ ಸಾವಿರಗಟ್ಟಲೆ ಇವೆ. ಕಳೆದುಹೋದರೆ ಏನು ಗತಿ ಅಂತ ಮೂರು ಕಡೆ ಕೂಡಿಟ್ಟಿದ್ದೇನೆ, ಆದರೂ ಭಯ ಹೋಗುವುದಿಲ್ಲ. ಆ ದಿನ ಅವುಗಳನ್ನು ಒಂದೊಂದಾಗಿ ಸರಿಸುತ್ತ ಕೂತಾಗ ಹೊಸ ಭಯವೊಂದು ಹುಟ್ಟಿತು. ಇವುಗಳಲ್ಲಿ ಯಾವುದನ್ನೂ ನಾನು ಮಡಚಿಲ್ಲ, ಯಾವುದರ ಮೇಲೂ ನನ್ನ ಬೆವರಿಲ್ಲ. ನಾಳೆ ಯಾರಾದರೂ ಇವನ ಬಾಯಿ ಬದಲಿಸಿ ಕೊಟ್ಟರೆ, ಇದಲ್ಲ ಅಂತ ಹೇಳುವುದಕ್ಕೆ ನನ್ನ ಬೆರಳಿಗೆ ಏನು ಗೊತ್ತು?

ಅತ್ತೆ ಎರಡು ದಿನ ಆ ಚೌಕಟ್ಟಿನ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಎದುರುಮನೆಯ ಕಿತೇರಿಯಾ ಅವರಲ್ಲಿಗೆ ಪಾತ್ರೆ ಹಿಂದಿರುಗಿಸಲು ಹೋದೆವು. ಕಿತೇರಿಯಾ ಅಂದರೆ ಬಾಯಿ ಜೋರು, ಕಾಫಿ ಕುಡಿಸದೆ ಕಳಿಸುವವರಲ್ಲ. ಜೋಳದ ಕಡುಬಿನ ಮೇಲೆ ಬೆಣ್ಣೆ ಹಾಕಿ ಕೊಡುತ್ತ ಗೋಡೆಯ ಮೇಲಿನ ತಮ್ಮ ಗಂಡನ ಪಟ ತೋರಿಸಿ ನನಗೆ ಹೇಳಿದರು, "ನೋಡು ಮಗಳೇ, ಎಷ್ಟು ಚಂದ ನಗ್ತಾನೆ ನನ್ನ ಯಜಮಾನ. ನಿಮ್ಮತ್ತೆ ಮಾಡಿದ್ದು. ಬದುಕಿದ್ದಾಗ ಒಂದು ದಿನ, ಒಂದೇ ಒಂದು ದಿನ ನಕ್ಕವನಲ್ಲ ಆ ಮುಂಡೇಗಂಡ. ಸತ್ತ ಮೇಲೆ ಬುದ್ಧಿ ಬಂತು."

ನಾನು ನಕ್ಕೆ. ಅತ್ತೆ ನಗಲಿಲ್ಲ. ಬಟ್ಟಲು ಹಿಡಿದುಕೊಂಡು ಆ ಪಟವನ್ನೇ ನೋಡಿದರು. ಪಕ್ಕದಲ್ಲಿ ಕಿತೇರಿಯಾ ಅವರ ಅತ್ತೆಯ ಪಟ, ಅದರಾಚೆ ಚಿಕ್ಕಂದಿನಲ್ಲೇ ತೀರಿಕೊಂಡ ನಾದಿನಿಯದು. ಗಂಡಸು, ಮುದುಕಿ, ಹುಡುಗಿ. ಮೂವರ ತುಟಿಯ ಎಡಗೊನೆಯೂ ಒಂದೇ ಅಳತೆಯಲ್ಲಿ ಮೇಲೆದ್ದಿತ್ತು.

ಮನೆಗೆ ಬಂದವರೇ ಕೈಗನ್ನಡಿ ಹಿಡಿದು ನನ್ನ ಪಕ್ಕ ಕೂತರು. "ಲೇ, ನನ್ನ ಬಾಯಿ ನೋಡು."

ನೋಡಿದೆ. ಅಷ್ಟು ದಿನ ಒಂದೇ ಮನೆಯಲ್ಲಿದ್ದೂ ನಾನು ಗಮನಿಸಿರಲಿಲ್ಲ. ಕನ್ನಡಿಯೊಳಗೂ ಆ ಎಡಗೊನೆ ಮೇಲೆದ್ದಿತ್ತು.

"ಕಾರ್ಖಾನೆಯಲ್ಲಿ ಬಾಯಿ ಇಲ್ಲದ ಫೋಟೋ ಬಂದಾಗ ಏನು ಮಾಡಲಿ ಅಂತ ಮೇಷ್ಟ್ರನ್ನ ಕೇಳಿದ್ದೆ. ಕನ್ನಡಿ ನೋಡ್ಕೊಂಡು ಬರಿ ಹುಡುಗಿ ಅಂದ್ರು. ಆಗ ಕಲಿತದ್ದು ಕೈಯಲ್ಲೇ ಕೂತುಬಿಡ್ತು. ಮೌಸು ಬಂದ ಮೇಲೂ ಹೋಗಲಿಲ್ಲ." ಕನ್ನಡಿಯನ್ನು ಮಡಿಲಲ್ಲಿ ಕವುಚಿ ಇಟ್ಟರು. "ಈ ಊರಿನ ಸತ್ತವರೆಲ್ಲ ನನ್ನ ಬಾಯಲ್ಲೇ ನಗ್ತಿದಾರೆ ಕಣೆ."

ಸಮಾಧಾನ ಹೇಳಬೇಕು ಅನ್ನಿಸಿತು. ಕಿತೇರಿಯಾ ಅವರಂಥವರಿಗೆ ಆ ನಗುವೇ ಬೇಕಲ್ಲ ಅತ್ತೆ ಅಂದೆ. "ಬೇಕಾದವರಿಗೆ ಸರಿ," ಅಂದರು. "ಬೇಡ ಅಂದವನಿಗೆ?"

ಮರುದಿನ ಬೆಂತೊನನ್ನೂ ಎತ್ತಿಕೊಂಡು ಅಜ್ಜಿಮನೆಗೆ ಹೋದೆವು. ಬಸ್ಸಿನ ಕಿಟಕಿಯಿಂದ ಬರುವ ಗಾಳಿಗೆ ಮಗುವಿನ ಕಿವಿ ಮುಚ್ಚುವುದೇ ನನಗೊಂದು ಕೆಲಸ. ರಿಸೊಮಾರ್ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದ. ಆ ಫೋಟೋ ಇಳಿಸಬೇಕು ಅಂತ ಅತ್ತೆ ಹೇಳಿದಾಗ ಅವನಿಗೆ ಅರ್ಥವೇ ಆಗಲಿಲ್ಲ.

"ಯಾಕೆ ದೋನಾ ಲಿಂದಾಲ್ವಾ? ಜನ ಇದರ ಮುಂದೆ ನಿಂತೇ ಫೋಟೋ ತೆಗೆಸ್ಕೊಳ್ಳೋದು. ನಮ್ಮ ಭಾವಮೈದನಿಗೆ ಈಗ ತಲೆ ನಿಲ್ತಿಲ್ಲ."

"ಭಾವಮೈದನದ್ದಲ್ಲಪ್ಪಾ ತೊಂದ್ರೆ. ಮೇಲಿರೋ ಮಡಿಕೆ ಬೇರೆಯವರದ್ದು."

"ಮಡಿಕೆಗೂ ಯಜಮಾನ ಇರ್ತಾನಾ?"

"ಇರ್ತಾನಂತೆ. ನನಗೂ ಈಗಷ್ಟೇ ಗೊತ್ತಾಗಿದ್ದು."

ರಿಸೊಮಾರ್ ಗೋಡೆ ನೋಡಿದ, ಅತ್ತೆಯನ್ನು ನೋಡಿದ. ಆ ಮುದುಕನ ಗಲಾಟೆ ಅವನಿಗೂ ನೆನಪಾಗಿರಬೇಕು. "ಸರಿ, ಬೇರೆ ಏನಾದರೂ ಹಾಕಿ. ಬಚ್ಚಲು ಸೋರಿದ ಕಲೆಯಾದ್ರೂ ಆದೀತು. ಹಳೇದಾಗಿ ಕಂಡ್ರೆ ಸಾಕು," ಅಂದ. ಅತ್ತೆ ಅವನಿಗೆ ಹಾಕಿಕೊಟ್ಟಿದ್ದು ನಮ್ಮದೇ ಮನೆಯ ಹಳೆ ಫೋಟೋದ ಮೇಲಿದ್ದ, ಸೋರಿದ ಮಾಡಿನ ಕಲೆ. ಅದಕ್ಕೆ ಯಾರಿಗೂ ಉತ್ತರ ಕೊಡಬೇಕಾಗಿಲ್ಲ.

ಆಮೇಲೆ ನನ್ನನ್ನು ಜೆನೇಜಿಯೊ ಅಜ್ಜನ ಮನೆಗೆ ಕಳಿಸಿದರು. "ಬರಬೇಕಂತೆ ಅಂತ ಹೇಳು. ಅವರಿಲ್ಲದೆ ನನಗೆ ಅಳತೆ ಸಿಗಲ್ಲ."

ಅಜ್ಜ ಬಂದು ಈ ಸಲ ಕೂತರು. ಅತ್ತೆ ಎಫಿಜೇನಿಯಾ ಅವರ ಮುಖ ತೆರೆದು ಮೊದಲು ಬಣ್ಣ ತೆಗೆದರು. ನೀಲಿ ಉಡುಪು ಬೂದಿ ಬಣ್ಣಕ್ಕೆ ತಿರುಗಿತು, ಕೆನ್ನೆಯ ಕೆಂಪು ಇಳಿಯಿತು. ಅದರ ಮೇಲೆ 'ಕಿಸೆ'ಯನ್ನು ಹಾಸಿದರು.

"ಆ ಕಡೆ ಅಲ್ಲ," ಅಂದರು ಅಜ್ಜ ತಕ್ಷಣ. "ಗುಂಡಿ ಕಚ್ಚಿದ್ದು ಅವಳ ಈ ಭುಜದ ಹತ್ರ."

"ಅಯ್ಯೋ, ಹೌದು. ಇದು ಬೆನ್ನಲ್ವಾ, ತಿರುಗಿಸಬೇಕು." ಅತ್ತೆ ಎಡವನ್ನು ಬಲ ಮಾಡಿದರು. "ಹೋಟೆಲಲ್ಲಿ ತಿರುಗಿಸದೇ ಹಾಕಿದ್ದೆ. ಆದ್ರೂ ನಿಮಗೆ ಹೇಗೆ ಗೊತ್ತಾಯ್ತು ಅಣ್ಣಾ?"

"ನಾನು ನೋಡಿದ್ದೇ ಬೆನ್ನನ್ನ," ಅಂದರು ಅಜ್ಜ. "ಮುಖ ಒಳಗಡೆ ಮಡಚಿತ್ತು. ಪದೇ ಪದೇ ಬಿಚ್ಚಿದ್ರೆ ಹರಿದುಹೋಗತ್ತೆ ಅಂತ ಬಿಚ್ಚುತ್ತಿರಲಿಲ್ಲ. ಹೊರಗಿಂದಲೇ ಸವರಿಕೊಂಡು ಮಲಗ್ತಿದ್ದೆ."

ಆಮೇಲೆ ಮಡಿಕೆ ಎಲ್ಲಿ ಹಾಯಬೇಕು ಅನ್ನುವುದು. ಅಂದು ತಿದ್ದುವಾಗ ಅತ್ತೆ ಅಂಚು ಕತ್ತರಿಸಿ, ಮುಖ ದೊಡ್ಡದು ಮಾಡಿ, ವಾಲಿದ್ದ ತಲೆಯನ್ನು ನೆಟ್ಟಗೆ ಮಾಡಿದ್ದರು. ಹಾಗಾಗಿ ಯಾವ ಅಳತೆಯೂ ಹೊಂದುತ್ತಿರಲಿಲ್ಲ. ಅಜ್ಜ ಕಣ್ಣು ಮುಚ್ಚಿ ಹೆಬ್ಬೆರಳನ್ನು ಗಾಳಿಯಲ್ಲಿ ಆಡಿಸುತ್ತ ಹೇಳಿದರು. ಇನ್ನೂ ಕೆಳಗೆ. ಅಷ್ಟಲ್ಲ. ತಲೆ ಸ್ವಲ್ಪ ವಾಲಲಿ, ಇವಳೇನು ಪೊಲೀಸಾ? ಹಾಂ, ಹಾಗೆ. ಅತ್ತೆ ನೆಟ್ಟಗೆ ಮಾಡಿದ್ದ ತಲೆಯನ್ನು ಮತ್ತೆ ವಾಲಿಸಿದರು. ಬೆಂತೊ ನನ್ನ ಮಡಿಲಲ್ಲಿ ಕೆಮ್ಮಿದ. ಹೊರಗೆ ಕರೆದುಕೊಂಡು ಹೋಗಬೇಕು ಅಂದುಕೊಂಡೆ, ಆದರೆ ಏಳಲಾಗಲಿಲ್ಲ.

ಕೊನೆಗೆ ಮಡಿಕೆಗಳು ಕೂಡುವ ಜಾಗ ಬಾಯಿಯ ಮೇಲೆ ಬಂದು ನಿಂತಿತು. ಆದರೂ ಸರಿಹೋಗಲಿಲ್ಲ. ಬಿಳಿಯ ಗೆರೆ ತೆಳ್ಳಗಿತ್ತು. ಅದರ ಆ ಕಡೆ ಈ ಕಡೆ ಆ ನಗು ಇಣುಕುತ್ತಿತ್ತು, ಬಾಗಿಲ ಸಂದಿಯಿಂದ ನೋಡುವವರ ಹಾಗೆ.

"ಇನ್ನೂ ಇದಾಳೆ ಅವಳು," ಅಂದರು ಅಜ್ಜ.

"ತೊಗಲು ಹಾಸಿದ್ರೆ ಸಾಲಲ್ಲ." ಅತ್ತೆಯ ದನಿ ಸಣ್ಣದಾಗಿತ್ತು. "ಅಳಿಸಬೇಕು."

ಸ್ಕ್ರೀನಿನ ಮೂಲೆಯಿಂದ ಅಳಿಸುವ ರಬ್ಬರಿನ ಗುರುತನ್ನು ಎತ್ತಿಕೊಂಡು ತುಟಿಯ ಹತ್ತಿರ ತಂದು ನಿಲ್ಲಿಸಿದರು. ಮೌಸಿನ ಮೇಲೆ ಕೈ ಹಾಗೇ ನಿಂತಿತು. ಆ ಬಾಯಿ ಮಾಡಲು ಎಷ್ಟು ದಿನ ಹಿಡಿದಿತ್ತೋ ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅಜ್ಜ ಅವಸರ ಮಾಡಲಿಲ್ಲ. ಅವರೂ ಏನೋ ಕಳೆದುಕೊಳ್ಳುವವರ ಹಾಗೆ ಮುಂದೆ ಬಗ್ಗಿ ಕೂತಿದ್ದರು. ಎಷ್ಟಾದರೂ ಇಷ್ಟು ವರ್ಷ ದಿನಾ ಬೆಳಿಗ್ಗೆ ಮಾತಾಡಿಸಿದ ಬಾಯಿ ಅದು.

ಅತ್ತೆ ಮೊದಲು ಎಡಗೊನೆಯನ್ನು ಅಳಿಸಿದರು, ಆಮೇಲೆ ಕೆಳತುಟಿಯನ್ನು. ಅಳಿಸಿದ ಕಡೆ ಕಾಗದ ಸವೆದ ಹಾಗೆ ಬೆಳ್ಳಗಾಗುತ್ತ ಬಂತು. ಮೂಗಿನ ಕೆಳಗೆ ಒಂದಿಷ್ಟು ನೆರಳು, ಗದ್ದದ ಮೇಲೆ ಒಂದು ಗುಳಿ ಉಳಿಯಿತು. ನಡುವೆ ಏನೂ ಇಲ್ಲ. ವಿಚಿತ್ರವೆಂದರೆ, ಬಾಯಿ ಹೋದ ಮೇಲೆ ಕಣ್ಣು ಬದಲಾಯಿತು. ಕಣ್ಣನ್ನು ಅತ್ತೆ ಮುಟ್ಟಿಯೇ ಇರಲಿಲ್ಲ. ಅದುವರೆಗೆ ಹಿತವಾಗಿ ನೋಡುತ್ತಿದ್ದ ಕಣ್ಣು ಈಗ ಸ್ವಲ್ಪ ಕಿರಿದಾಗಿ, ಬೇಗ ಮುಗಿಸಪ್ಪಾ ಅನ್ನುವ ಹಾಗಿತ್ತು.

"ಸಾಕು," ಅಂದರು ಅಜ್ಜ. ಮೂಗು ಒರೆಸಿಕೊಂಡು, "ಈಗ 'ಹಲ್ಲು ನೋಯ್ತಿದೆ' ಅಂತಿದಾಳೆ," ಅಂದರು.

ಅತ್ತೆ ಎದ್ದು ಒಳಗೆ ಹೋಗಿ ಕಾಫಿಗೆ ನೀರಿಟ್ಟರು. ಸಕ್ಕರೆ ಡಬ್ಬಿ ಎಲ್ಲಿದೆ ಅಂತ ಅವರದೇ ಅಡುಗೆಮನೆಯಲ್ಲಿ ಅವರಿಗೇ ಸಿಗಲಿಲ್ಲ. ನಾನು ಹೋಗಿ ತೆಗೆದುಕೊಟ್ಟೆ.

ಮನೆ ಒಪ್ಪಿಸುವ ದಿನ ಜೆನೇಜಿಯೊ ಅಜ್ಜನ ಮುಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅನಾನಸ್ ಸಿಪ್ಪೆ ನೆನೆಸಿ ಮಾಡಿದ ಪಾನಕ, ಪಿಷ್ಟದ ಬಿಸ್ಕತ್ತು, ಮೂಲೆಯಲ್ಲಿ ಮಕ್ಕಳ ಗಲಾಟೆ. ಯೇಸುವಿನ ಪಟದ ಪಕ್ಕದಲ್ಲಿ ಹೊಸ ಚೌಕಟ್ಟಿನಲ್ಲಿ ಎಫಿಜೇನಿಯಾ ಅವರಿದ್ದರು. ಬೂದಿ ಬಣ್ಣ, ಅಡ್ಡ ಉದ್ದ ಮಡಿಕೆ, ಬಾಯಿಯಿದ್ದ ಜಾಗದಲ್ಲಿ ಬಿಳುಪು. ಅಜ್ಜ ಗಾಜು ಹಾಕಿಸಿರಲಿಲ್ಲ. ಇಷ್ಟು ಜನರ ಉಸಿರು, ಮೇಣದಬತ್ತಿಯ ಹೊಗೆ, ಬರುವ ಮಳೆಗಾಲದ ತೇವ, ಎಲ್ಲ ನೆನೆಸಿಕೊಂಡು ನನಗೆ ಸುಮ್ಮನಿರಲಾಗಲಿಲ್ಲ. "ಅಜ್ಜಾ, ಹಾಳಾಗಿಬಿಡತ್ತೆ," ಅಂದೆ. "ಆಗ್ಲಿ ಬಿಡು ಮಗಳೇ," ಅಂದರು.

ಕಿತೇರಿಯಾ ಅವರು ಬಿಸ್ಕತ್ತಿನ ತಟ್ಟೆ ಹಿಡಿದು ನಮ್ಮ ಪಕ್ಕ ಬಂದು ನಿಂತರು. ಪಿಸುಮಾತು ಅಂದುಕೊಂಡು ಅವರು ಆಡುವುದು ಅರ್ಧ ಕೋಣೆಗೆ ಕೇಳುತ್ತದೆ.

"ಇದೇನು ಲಿಂದಾಲ್ವಾ? ಹರಿದದ್ದನ್ನ ಹಾಗೇ ತೂಗು ಹಾಕಿದಾನೆ? ನೀನೇ ಮಾಡಿಕೊಟ್ಟಿದ್ದಂತೆ. ಪಾಪ, ನಿನಗೂ ಕಣ್ಣು ಮಂಜಾಯ್ತೇನೇ?"

ಹತ್ತಿರವಿದ್ದ ಹೆಂಗಸರು ತಿರುಗಿ ನೋಡಿದರು. ಅವರಲ್ಲಿ ಅತ್ತೆಯ ಗಿರಾಕಿಗಳಲ್ಲದವರು ಇರಲಿಲ್ಲ. ಹೇಳಿಬಿಡಿ ಅತ್ತೆ, ಅವರೇ ಹೀಗೆ ಬೇಕು ಅಂದದ್ದು ಅಂತ ಹೇಳಿಬಿಡಿ ಅಂತ ಅವರ ತೋಳು ಹಿಡಿದೆ.

"ಹೂಂ ಕಣೆ ಕಿತೇರಿಯಾ, ಮಂಜಾಗಿದೆ," ಅಂದರು ಅತ್ತೆ.

"ಹಾಗಾದ್ರೆ ನನ್ನ ಯಜಮಾನನ ಪಟ ಮಾತ್ರ ಇನ್ಮೇಲೆ ಮುಟ್ಟಬೇಡ ಮಾರಾಯ್ತಿ. ಅವನು ನಗ್ತಾ ಇರಲಿ."

"ಇಲ್ಲ, ಮುಟ್ಟಲ್ಲ. ಅವನದ್ದು ಚೆನ್ನಾಗಿದೆ."

ಅಷ್ಟರಲ್ಲಿ ಹಾಡು ಶುರುವಾಯಿತು. ಎಲ್ಲರೂ ಗೋಡೆಯ ಕಡೆ ತಿರುಗಿದರು. ಜೆನೇಜಿಯೊ ಅಜ್ಜ ಎಲ್ಲರಿಗಿಂತ ಮುಂದೆ ನಿಂತು, ರಾಗ ತಪ್ಪಿದರೂ ಗಮನಿಸದೆ, ಗಟ್ಟಿಯಾಗಿ ಹಾಡುತ್ತಿದ್ದರು. ಅತ್ತೆ ಕೈಯಲ್ಲಿದ್ದ ಬಿಸ್ಕತ್ತನ್ನು ನನ್ನ ಕಾಲ ಬಳಿ ಕೂತಿದ್ದ ಬೆಂತೊನ ಕೈಗೆ ಕೊಟ್ಟರು. ಅದು ನೆಲಕ್ಕೆ ಬಿತ್ತು. ಅವನು ಬಗ್ಗಿ ಎತ್ತಿಕೊಂಡು ಬಾಯಿಗೆ ಹಾಕಿಕೊಂಡದ್ದನ್ನು ನಾನು ನೋಡಿದೆ, ನೋಡಿಯೂ ಕಸಿದುಕೊಳ್ಳಲಿಲ್ಲ. ಅತ್ತೆ ನನ್ನ ಪಕ್ಕದಲ್ಲೇ ನಿಂತು ಹಾಡಿಗೆ ದನಿಗೂಡಿಸಿದರು.